ವಿಭೂತಿ ಹಚ್ಚಿದ ಬಾಯ್ಲರ್

ತಂಪಿನ ವಿಷಯದಲ್ಲಿ ಲಿಂಗರಾಜನ ಮಾತಿಗೆ ಎದುರಾಡುವವರು ನ್ಯೂಜಿಲೆಂಡಿನ ಈಸ್ಟ್ ತಮಾಕಿಯಲ್ಲಿ ಯಾರೂ ಇರಲಿಲ್ಲ. ಅಲ್ಲಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬಟಾಣಿ, ಮೀನು, ಐಸ್‌ಕ್ರೀಮು ಎಷ್ಟು ತಣ್ಣಗಿರಬೇಕೋ ಅಷ್ಟು ತಣ್ಣಗಿವೆಯೇ ಎಂದು ದಿನವಿಡೀ ಥರ್ಮಾಮೀಟರ್ ಚುಚ್ಚಿ ನೋಡುವುದು ಅವನ ಕೆಲಸ. ಬಿಸಿಯ ವಿಷಯ ಅವನ ಇಲಾಖೆಗೆ ಸೇರಿದ್ದಲ್ಲ. ಮನುಷ್ಯರೆಲ್ಲ ತಮ್ಮತಮ್ಮ ಇಲಾಖೆಯಲ್ಲೇ ಇದ್ದುಬಿಟ್ಟರೆ ಹೇಳಿಕೊಳ್ಳಲು ಕಥೆಗಳೇ ಇರುವುದಿಲ್ಲ, ಆ ಮಾತು ಬೇರೆ.

ಪುಕೆಕೊಹೆ ಎಂಬ ಊರಿನಲ್ಲಿ ಅವನು ಕೊಂಡ ಮನೆಯಲ್ಲಿ ಹಿಂದೆ ಇದ್ದವನು ಇಂಗ್ಲೆಂಡಿನ ಒಬ್ಬ ಮುದುಕ. ಸುತ್ತಲಿನವರೆಲ್ಲ ಗೋಡೆಗೊಂದು ಬಿಸಿಗಾಳಿಯ ಹೀಟ್‌ಪಂಪ್ ಹಾಕಿಸಿ ಸುಮ್ಮನಿದ್ದರೆ, ಈ ಪುಣ್ಯಾತ್ಮ ತನ್ನ ದೇಶದ ನೆನಪಿಗೆ ಗ್ಯಾರೇಜಿನಲ್ಲಿ ಒಂದು ಕಾಂಬಿ ಬಾಯ್ಲರ್ ಕೂರಿಸಿದ್ದ. ಗೋಡೆಯ ಮೇಲೊಂದು ಬಿಳಿ ಪೆಟ್ಟಿಗೆ, ಅಷ್ಟೇ. ನಲ್ಲಿ ತಿರುಗಿಸಿದರೆ ಸ್ನಾನದ ನೀರನ್ನು ಆಗಿಂದಾಗಲೇ ಕಾಯಿಸಿ ಕೊಡುವುದೂ ಅದೇ, ಕೋಣೆ ಕೋಣೆಯ ರೇಡಿಯೇಟರಿನೊಳಗೆ ಬಿಸಿನೀರು ಓಡಿಸಿ ಮನೆಯನ್ನು ಬೆಚ್ಚಗಿಡುವುದೂ ಅದೇ. ಪೆಟ್ಟಿಗೆಯ ಮುಖದ ಮೇಲೆ ಎರಡು ಗುಂಡಿ. ಒಂದರ ಕೆಳಗೆ ನಲ್ಲಿಯ ಚಿತ್ರ, ಇನ್ನೊಂದರ ಕೆಳಗೆ ರೇಡಿಯೇಟರಿನ ಚಿತ್ರ. ಮನೆಯ ಬಿಸಿ ಹದ ಮೀರದಂತೆ ಕಾಯಬೇಕಿದ್ದ ಹಾಲ್‌ನ ಥರ್ಮೋಸ್ಟಾಟ್ ಮುದುಕನ ಕಾಲದಲ್ಲೇ ಕಣ್ಣು ಮುಚ್ಚಿತ್ತು. ಬೀಗದ ಕೈ ಒಪ್ಪಿಸುವಾಗ ಅವನು ಬಾಯ್ಲರಿನ ಕಡೆ ಬೆರಳು ತೋರಿಸಿ, ಅದರ ತಂಟೆಗೆ ಮಾತ್ರ ಹೋಗಬೇಡ ಎಂದಿದ್ದ. ಲಿಂಗರಾಜ ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದ, ಅತ್ತೆ ಮಾವ ಗದಗದಿಂದ ಬಂದಿಳಿಯುವ ತನಕ.

ಮಾವ ಚನ್ನಬಸಪ್ಪನವರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಯಾರ ಮನೆಗೆ ಹೋದರೂ ಮೊದಲು ಮೀಟರ್ ಬೋರ್ಡು ನೋಡಿ, ಆಮೇಲೆ ಮನೆಯವರ ಮುಖ ನೋಡುವ ಜಾತಿ. ಅವರಿಗೆ ಇಬ್ಬರು ಅಳಿಯಂದಿರು, ಇಬ್ಬರೂ ನ್ಯೂಜಿಲೆಂಡಿನಲ್ಲೇ. ಸಣ್ಣ ಮಗಳು ಸಂಯುಕ್ತಾಳ ಗಂಡ ಅಜಿತ್ ಟೌರಂಗಾದಲ್ಲಿ ಡಾಕ್ಟರು, ಹೊಸ ಮನೆ, ಕೋಣೆಗೊಂದು ಹೀಟ್‌ಪಂಪ್. ಹಿರಿಯ ಅಳಿಯ ನಮ್ಮ ಲಿಂಗರಾಜ. ಅತ್ತೆ ಮಾವ ಹಿಂದಿನ ಸಲ ಬಂದಾಗ ಲಿಂಗರಾಜ ಬಾಡಿಗೆ ಮನೆಯಲ್ಲಿದ್ದ. ಅಲ್ಲಿನ ಚಳಿಗೆ ಮುದುಕರಿಬ್ಬರೂ ವಾರ ತುಂಬುವುದರೊಳಗೆ ಗಂಟುಮೂಟೆ ಕಟ್ಟಿ ಟೌರಂಗಾ ಸೇರಿಬಿಟ್ಟಿದ್ದರು. ಆ ಅವಮಾನ ಲಿಂಗರಾಜನ ಹೆಂಡತಿ ಸುಶೀಲಾಳ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಊರವರ ತಂದೆತಾಯಿಯನ್ನೆಲ್ಲ ನೋಡಿಕೊಳ್ಳುತ್ತಾಳೆ, ತನ್ನವರನ್ನು ನೋಡಿಕೊಳ್ಳುವ ಭಾಗ್ಯ ಮಾತ್ರ ತಂಗಿಗೆ.

"ಈ ಸಲ ಶ್ರಾವಣ ಮುಗಿಯೂತನಕ ಅಪ್ಪ ಅವ್ವ ನಮ್ಮನ್ಯಾಗ ಇರಬೇಕ್ರೀ," ಎಂದು ಅವಳು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಹೇಳಿದಳು. "ನಾ ನಿಮಗ ಮತ್ತೇನೂ ಕೇಳೂದಿಲ್ಲ."

ಮತ್ತೇನೂ ಕೇಳುವುದಿಲ್ಲ ಎಂದು ಹೆಂಡತಿ ಹೇಳಿದರೆ ಅದರ ಭಾರ ಎಷ್ಟೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಆಷಾಢ ಶ್ರಾವಣವೆಂದರೆ ಇಲ್ಲಿ ನಡು ಚಳಿಗಾಲ. ಲಿಂಗರಾಜ ಕಾರಿನ ಹೀಟರನ್ನು ಒಂದು ಗೆರೆ ಏರಿಸಿದ.

ಬಂದ ದಿನ ಸಂಜೆಯೇ ಚನ್ನಬಸಪ್ಪನವರು ಸ್ವೆಟರು, ಅದರ ಮೇಲೆ ಕೋಟು, ತಲೆಗೆ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ರೇಡಿಯೇಟರಿನ ಮೇಲೆ ಅಂಗೈ ಇಟ್ಟು ನೋಡಿದರು.

"ಅಳಿಯಂದ್ರ, ಇದನ್ನ ಎಷ್ಟರ ಮ್ಯಾಲೆ ಇಟ್ಟೀರಿ?"

"ಬೆಚ್ಚಗ ಇಟ್ಟೀನ್ರಿ ಮಾವಾರ."

ಕಡತ ಕಳೆದುಕೊಂಡ ಗುಮಾಸ್ತನನ್ನು ಮೇಲಧಿಕಾರಿ ನೋಡುವ ಹಾಗೆ ಚನ್ನಬಸಪ್ಪನವರು ಅಳಿಯನನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಸಣ್ಣ ಅಳಿಯಂದಿರ ಮನೆಯಲ್ಲಿ ಗೋಡೆಗೋಡೆಯ ಮೇಲೂ ನಂಬರು ಕಾಣುತ್ತದೆ ಎಂದು ಹೆಂಡತಿಗೆ ಹೇಳುವವರಂತೆ ಎಲ್ಲರಿಗೂ ಹೇಳಿದರು. ಸುಶೀಲಾ ಗಂಡನ ಕಡೆ ನೋಡಲಿಲ್ಲ. ಸಿಟ್ಟಿನಿಂದ ನೋಡಿದ್ದರೂ ವಾಸಿಯಿತ್ತು.

ಅಲ್ಲಿಂದ ಲಿಂಗರಾಜ ಬಾಯ್ಲರ್ ವಿದ್ಯೆಗೆ ಬಿದ್ದ. ಕೋಲ್ಡ್ ಸ್ಟೋರೇಜಿನ ಊಟದ ಬಿಡುವಿನಲ್ಲಿ, ಬಟಾಣಿ ಮೂಟೆಗಳ ಮಧ್ಯೆ ನಿಂತು, ಫೋನಿನಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ಓದಿದ. ಓದಿದ್ದರ ಸಾರ ಇಷ್ಟು: ಜನ ಬಾಯ್ಲರನ್ನು ಸುಮ್ಮನೆ ಜಾಸ್ತಿ ಬಿಸಿಗೆ ಇಟ್ಟು ಗ್ಯಾಸು ಹಾಳು ಮಾಡುತ್ತಾರೆ. ರೇಡಿಯೇಟರಿಗೆ ಹೋಗುವ ನೀರನ್ನು ಐವತ್ತು ಐವತ್ತೈದು ಡಿಗ್ರಿಗೆ ಇಳಿಸಿದರೆ, ಹೊಗೆಯ ಜೊತೆ ಹೊರಗೆ ಹೋಗುವ ಶಾಖವನ್ನು ಯಂತ್ರ ಒಳಗೇ ಹಿಡಿದುಕೊಳ್ಳುತ್ತದೆ. ನಲ್ಲಿಯ ನೀರೂ ಐವತ್ತರ ಹತ್ತಿರ ಇದ್ದರೆ ಸಾಕು, ಕುದಿಯುವ ಹಾಗೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದು ದಡ್ಡತನ.

ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಇದನ್ನೆಲ್ಲ ಹೇಳಿದ. ಚನ್ನಬಸಪ್ಪನವರು ಮೊದಲ ಬಾರಿ ಅಳಿಯನ ಮಾತನ್ನು ನಡುವೆ ಕತ್ತರಿಸದೆ ಕೇಳಿದರು. ರೇಡಿಯೇಟರಿನ ಮಾತು ಅವರಿಗೆ ಹಿಡಿಸಿತು. ಸ್ನಾನದ ಮಾತು ಹಿಡಿಸಲಿಲ್ಲ. ನೀರು ಮೊದಲು ಕೈ ಸುಡಬೇಕು, ಆಮೇಲೆ ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ ಹದ ಮಾಡಬೇಕು, ಅದಿಲ್ಲದ್ದು ಸ್ನಾನವೇ ಅಲ್ಲ, ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ ಎಂದರು. ಹಾಗಾಗಿ ಒಪ್ಪಂದ ಹೀಗಾಯಿತು: ರೇಡಿಯೇಟರ್ ವಿಜ್ಞಾನದ ಪ್ರಕಾರ ಕಡಿಮೆ, ನಲ್ಲಿ ಮಾವನ ಪ್ರಕಾರ ಜಾಸ್ತಿ.

ಮರುದಿನ ಬೆಳಗ್ಗೆ ನಾಲ್ವರೂ ಗ್ಯಾರೇಜಿಗೆ ಹೊರಟರು. ಅತ್ತೆ ಜಯಮ್ಮನವರು ಬಾಗಿಲಲ್ಲೇ ತಡೆದರು. ಬೆಂಕಿ ಇರುವ ಯಂತ್ರ, ಪೂಜೆ ಇಲ್ಲದೆ ಕೈ ಹಚ್ಚಬಾರದು. ಅವರು ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ಅದ್ದಿ, ಮೂರು ಬೆರಳಿನಿಂದ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ದಪ್ಪಗೆ ಮೂರು ಗೆರೆ ಎಳೆದರು. ಗೆರೆಗಳು ಸರಿಯಾಗಿ ಎರಡು ಗುಂಡಿಗಳ ಕೆಳಗೆ ಹಾದುಹೋದವು. ನಲ್ಲಿಯ ಚಿತ್ರವೂ ಹೋಯಿತು, ರೇಡಿಯೇಟರಿನ ಚಿತ್ರವೂ ಹೋಯಿತು. ಉಳಿದ ಗಟ್ಟಿಯನ್ನು ಸೋಮವಾರಕ್ಕೆ ಇರಲಿ ಎಂದು ಪೆಟ್ಟಿಗೆಯ ತಲೆಯ ಮೇಲಿಟ್ಟರು.

ಅತ್ತೆ ಹಚ್ಚಿದ ವಿಭೂತಿಯನ್ನು ಅತ್ತೆಯ ಎದುರೇ ಒರೆಸುವ ಅಳಿಯ ಗದಗ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಲಿಂಗರಾಜ ಗಾಬರಿಯಾಗಲಿಲ್ಲ, ಏಕೆಂದರೆ ಅವನು ಮುಂಚೆಯೇ ನೋಡಿಟ್ಟುಕೊಂಡಿದ್ದ: ಊಟದ ಕೈ ಕಡೆ ನಲ್ಲಿ, ಇನ್ನೊಂದು ಕಡೆ ರೇಡಿಯೇಟರ್. ಎಡ ಬಲದಲ್ಲಿ ಚಿಕ್ಕಂದಿನಿಂದ ಅವನಿಗೆ ಗೊಂದಲ, ಅದಕ್ಕೇ ಶಾಲೆಯಲ್ಲಿ ಮಾಸ್ತರರು ಊಟದ ಕೈಯ ಗುರುತು ಹೇಳಿಕೊಟ್ಟಿದ್ದರು. ಆ ಗುರುತು ಹುಬ್ಬಳ್ಳಿಯ ತನಕ, ಬೆಂಗಳೂರಿನ ತನಕ ಸರಿಯಾಗಿಯೇ ನಡೆದಿತ್ತು. ಈಸ್ಟ್ ತಮಾಕಿಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಎಡಗೈಯಲ್ಲಿ ಫೋರ್ಕು ಹಿಡಿದು ಉಂಡ ಮೇಲೆ ಮಾತ್ರ, ಅವಸರದಲ್ಲಿ ಊಟ ಎಂದು ನೆನೆದ ಕೂಡಲೇ ಏಳುವ ಕೈ ಯಾವುದೆಂದು ಹೇಳಲು ಬರುತ್ತಿರಲಿಲ್ಲ. ಅವತ್ತು ಎಡಗೈ ಎದ್ದಿತು. ಅವನು ನಲ್ಲಿಯೆಂದು ತಿಳಿದು ರೇಡಿಯೇಟರಿನ ಗುಂಡಿಯನ್ನು ಏರಿಸಿದ, ರೇಡಿಯೇಟರೆಂದು ತಿಳಿದು ನಲ್ಲಿಯದನ್ನು ಇಳಿಸಿದ.

ಸಂಜೆಯ ಹೊತ್ತಿಗೆ ಮನೆ ರಾಯಚೂರಾಯಿತು. ಚನ್ನಬಸಪ್ಪನವರು ಮೊದಲು ಟೊಪ್ಪಿಗೆ ತೆಗೆದರು, ಆಮೇಲೆ ಕೋಟು, ಆಮೇಲೆ ಸ್ವೆಟರು. ಕೊನೆಗೆ ಬನಿಯನ್ನು ಲುಂಗಿಯಲ್ಲಿ ಸೋಫಾದ ಮೇಲೆ ಕೂತು, ಶಾಖ ಕಡಿಮೆ ಮಾಡಿದರೆ ಮನೆ ಇಷ್ಟು ಬಿಸಿಯಾಗುತ್ತದೆಂದು ತಮ್ಮ ಸರ್ವಿಸಿನಲ್ಲಿ ಯಾರೂ ಹೇಳಿರಲಿಲ್ಲ ಎಂದರು. ಲಿಂಗರಾಜ ಹೊಗೆಯ ಶಾಖ ವಾಪಸು ಬರುವ ಕಥೆಯನ್ನು ಇನ್ನೊಮ್ಮೆ ಹೇಳಿದ. ಇಷ್ಟು ಚೆನ್ನಾಗಿ ವಾಪಸು ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

ಬಚ್ಚಲಿನಿಂದ ಮಾತ್ರ ಬೇರೆ ಸುದ್ದಿ ಬಂತು. ನೀರು ಉಗುರು ಬೆಚ್ಚಗೂ ಇಲ್ಲ. ನಲ್ಲಿಯ ಗುಂಡಿ ಸಾಲಲಿಲ್ಲವೆಂದು ಲಿಂಗರಾಜ ಅದನ್ನು ಇನ್ನಷ್ಟು ಏರಿಸಿದ. ನೀರು ಇದ್ದಂತೆಯೇ ಇತ್ತು, ಮನೆ ಇನ್ನಷ್ಟು ಕಾಯಿತು. ಮನೆ ಅತಿಯಾಯಿತೆಂದು ರೇಡಿಯೇಟರಿನ ಗುಂಡಿಯನ್ನು ಇನ್ನಷ್ಟು ಇಳಿಸಿದ. ಮನೆ ಇದ್ದಂತೆಯೇ ಇತ್ತು, ನೀರು ಇನ್ನಷ್ಟು ಆರಿತು. ಹೀಗೆ ಒಂದು ವಾರದಲ್ಲಿ ಹಾಲ್‌ನಲ್ಲಿ ವೈಶಾಖವೂ ಬಚ್ಚಲಿನಲ್ಲಿ ಮಾಘವೂ ಒಟ್ಟಿಗೆ ನೆಲೆಸಿದವು. ಇದಕ್ಕೂ ಚನ್ನಬಸಪ್ಪನವರೇ ಕಾರಣ ಹುಡುಕಿಕೊಟ್ಟರು. ಯಂತ್ರ ಒಂದೇ, ಅದರ ಶಕ್ತಿ ಒಂದೇ. ಅದನ್ನೆಲ್ಲ ಮನೆಯೇ ಹೀರಿಕೊಂಡರೆ ನೀರಿಗೆ ಎಲ್ಲಿಂದ ಬರಬೇಕು? ಈ ಸಿದ್ಧಾಂತವನ್ನು ಅವರು ಗದಗದ ನಿವೃತ್ತ ಎಂಜಿನಿಯರುಗಳ ವಾಟ್ಸ್ಯಾಪ್ ಗುಂಪಿಗೆ ಚಿತ್ರ ಬರೆದು ಕಳಿಸಿದರು. ಅಲ್ಲಿಂದ ಇಪ್ಪತ್ತು ಜನ ಕೈ ಮುಗಿದರು. ಹಿರಿಯ ಅಳಿಯನ ಹೆಸರು ಆ ಗುಂಪಿನಲ್ಲಿ ಬಂದದ್ದು ಅದೇ ಮೊದಲು.

ಪಕ್ಕದ ಮನೆಯ ಗ್ರೇಮ್ ಬದುಕಿಡೀ ಈರುಳ್ಳಿ ಬೆಳೆದು ಈಗ ಕೆಲಸ ಬಿಟ್ಟಿರುವ ಮನುಷ್ಯ. ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಒಂದು ಬೆಳಗ್ಗೆ ಅವನು ತನ್ನ ಪಿಕಪ್ ಗಾಡಿಯ ಗಾಜು ಕೆರೆಯುತ್ತಿದ್ದಾಗ, ಎದುರಿನ ಕಿಟಕಿ ಪೂರಾ ತೆರೆದಿತ್ತು, ಅದರಲ್ಲಿ ಬನಿಯನ್ನು ಹಾಕಿದ ಒಬ್ಬ ಹಿರಿಯರು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ಕೈ ಬೀಸಿ ಸುಮ್ಮನಾದ. ಮರುದಿನವೂ ಅದೇ ಕಂಡಾಗ ಸುಶೀಲಾಳನ್ನು ಬೇಲಿಯ ಹತ್ತಿರ ಕರೆದು, ನಿಮ್ಮ ತಂದೆಗೆ ಎಲ್ಲ ನೆಟ್ಟಗಿದೆ ತಾನೆ ಎಂದು ಮೆಲ್ಲಗೆ ವಿಚಾರಿಸಿದ. ಅವಳು ನಕ್ಕು ಒಳಗೆ ಕರೆದಳು. ಬಾಗಿಲು ದಾಟಿದ್ದೇ ಅವನ ಕನ್ನಡಕ ಮಂಜಾಯಿತು. ಮನೆಯೊಳಗೂ ಉಣ್ಣೆಯ ಜರ್ಸಿ ಹಾಕಿಕೊಂಡು ಚಳಿ ತಡೆಯುವುದೇ ಮನುಷ್ಯನ ಧರ್ಮ ಎಂದು ನಂಬಿ ಬೆಳೆದ ಮನುಷ್ಯ ಅಂದು ಮೊದಲ ಬಾರಿ ಬೇರೆಯವರ ಮನೆಯಲ್ಲಿ ಜರ್ಸಿ ಬಿಚ್ಚಿದ.

ಚನ್ನಬಸಪ್ಪನವರು ಅವನನ್ನು ಗ್ಯಾರೇಜಿಗೆ ಕರೆದೊಯ್ದು ಯಂತ್ರದರ್ಶನ ಮಾಡಿಸಿದರು. ಗ್ರೇಮ್ ಮೂರು ಬಿಳಿ ಗೆರೆಗಳನ್ನು ಹತ್ತಿರದಿಂದ ನೋಡಿ, ಇದು ಶಾಖ ತಡೆಯುವ ಬಣ್ಣವೋ ಎಂದು ಕೇಳಿದ. ಬಹಳ ಹಳೆಯ ವಿಧಾನ ಎಂದು ಚನ್ನಬಸಪ್ಪನವರು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದರು. ಹೋಗುವಾಗ ಜಯಮ್ಮನವರು ಅವನಿಗೂ ವಿಭೂತಿಯ ಒಂದು ಚೂರು ಕೊಟ್ಟು ಕಳಿಸಿದರು. ಅವನು ಅದನ್ನು ತನ್ನ ನೀರು ಕಾಯಿಸುವ ಸಿಲಿಂಡರಿಗೆ ಬಳಿದು, ಸ್ವಲ್ಪ ಗುಣ ಕಂಡಿದೆ ಎಂದು ಮಾರನೆಯ ವಾರ ವರದಿ ಒಪ್ಪಿಸಿದ.

ಇಷ್ಟೆಲ್ಲ ಕೀರ್ತಿಯ ನಡುವೆ ಜಯಮ್ಮನವರು ದಿನಾ ಬೆಳಗ್ಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಎರಡು ಬಟ್ಟೆಯಲ್ಲಿ ಹಿಡಿದು, ಹಾಲ್ ದಾಟಿ ಬಚ್ಚಲಿಗೆ ಒಯ್ಯುತ್ತಿದ್ದರು. ಗಂಡನ ಪೂಜೆ ನಿಲ್ಲಬಾರದಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಸುಶೀಲಾ ಒಂದು ಬೆಳಗ್ಗೆ ಅದನ್ನು ಕಂಡಳು. ಪಾತ್ರೆ ತುಳುಕಿ ಅವ್ವನ ಪಾದದ ಬಳಿ ಬಿತ್ತು, ಪಾದದ ಮೇಲೆ ಬೀಳಲಿಲ್ಲ, ಅಷ್ಟೇ. ಸುಶೀಲಾ ಪಾತ್ರೆ ಕಸಿದು ಕೆಳಗಿಟ್ಟಳು. ಸುಟ್ಟ ಗಾಯದ ಮುದುಕರಿಗೆ ಬ್ಯಾಂಡೇಜು ಕಟ್ಟಿ ಕಟ್ಟಿ ಅವಳಿಗೆ ಸಾಕಾಗಿತ್ತು. ಅವಳಿಗೆ ಅಳು ಬಂತು, ಅಳಲಿಲ್ಲ. ತಂಗಿಗೆ ಫೋನು ಮಾಡಿದಳು.

"ಶನಿವಾರ ಅಜಿತ್ ಬಂದು ಅಪ್ಪ ಅವ್ವನ್ನ ಕರ್ಕೊಂಡು ಹೋಗ್ತಾರ," ಎಂದಳು ಗಂಡನಿಗೆ. "ನಿಮ್ಮ ಸೈನ್ಸ್ ಚಲೋ ಐತಿ. ನಮ್ಮವ್ವನ ಕಾಲು ಸುಡೂದು ಬ್ಯಾಡ."

ಲಿಂಗರಾಜ ಅಂದು ಕೋಲ್ಡ್ ಸ್ಟೋರೇಜಿನಲ್ಲಿ ಒಂದೇ ಬಟಾಣಿ ಮೂಟೆಗೆ ಎರಡು ಸಲ ಥರ್ಮಾಮೀಟರ್ ಚುಚ್ಚಿದ. ಪ್ಲಂಬರನನ್ನು ಕರೆಸಬಹುದಿತ್ತು. ಆದರೆ ಮಾವನ ಸಿದ್ಧಾಂತ ಗದಗದಾದ್ಯಂತ ಹರಡಿರುವಾಗ ಪ್ಲಂಬರ್ ಬಂದು ಏನಾದರೂ ಅಂದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಸುಮ್ಮನಾದ.

ಶನಿವಾರ ಅಜಿತ್ ಮತ್ತು ಸಂಯುಕ್ತಾ ಬಂದರು. ಒಳಗೆ ಬಂದ ಅಜಿತ್ ಮೊದಲು ಜಾಕೆಟ್ ಬಿಚ್ಚಿದ, ಆಮೇಲೆ ಮಾವನ ನಾಡಿ ಹಿಡಿದು ನೋಡಿದ. ಊಟದುದ್ದಕ್ಕೂ ಚನ್ನಬಸಪ್ಪನವರು ಶಾಖ ವಾಪಸು ಬರುವ ಕ್ರಮವನ್ನು ಜುಣುಕದ ತಟ್ಟೆ, ಚಟ್ನಿಪುಡಿಯ ಬಟ್ಟಲು ಅತ್ತಿತ್ತ ಸರಿಸಿ ವಿವರಿಸಿದರು. ಅಜಿತನಿಗೆ ಅದು ನಂಬಿಕೆಯಾಗಲಿಲ್ಲವೆಂದು ಅವನ ಹುಬ್ಬೇ ಹೇಳುತ್ತಿತ್ತು. ಕೈ ತೊಳೆಯಲು ಹೋದವನು ನಲ್ಲಿಯಡಿಯಿಂದ ಕೈ ಸರಕ್ಕನೆ ಎಳೆದುಕೊಂಡು, ನಮ್ಮಲ್ಲಿ ನೀರೂ ಬಿಸಿ ಇರುತ್ತದೆ ಎಂದು ವಿನಯದಿಂದ ನುಡಿದ. ಬಾಗಿಲ ಬಳಿ ಸೂಟ್‌ಕೇಸುಗಳು ಆಗಲೇ ನಿಂತಿದ್ದವು. ಸುಶೀಲಾ ಅಡುಗೆಮನೆಯಲ್ಲಿ ದಾರಿಗೆ ರೊಟ್ಟಿ ಕಟ್ಟುತ್ತಿದ್ದಳು.

ಹೊರಡುವ ಮುಂಚೆ ಸಣ್ಣ ಅಳಿಯನಿಗೆ ಯಂತ್ರ ತೋರಿಸಲೇಬೇಕೆಂದು ಚನ್ನಬಸಪ್ಪನವರು ಹಟ ಹಿಡಿದರು. ದೀಪ ಹಾಕಲೆಂದು ಲಿಂಗರಾಜ ಮುಂದೆ ಹೋದ. ಅಜಿತನಿಗೆ ಆಸ್ಪತ್ರೆಯಿಂದ ಫೋನು ಬಂದು ಅವನು ಹಾಲ್‌ನಲ್ಲೇ ನಿಂತ.

ಗ್ಯಾರೇಜಿನಲ್ಲಿ ಬಾಯ್ಲರ್ ಗುಂಯ್ಗುಡುತ್ತಿತ್ತು. ಕೊನೆಯದಾಗಿ ಒಮ್ಮೆ ನೋಡೋಣವೆಂದು ಲಿಂಗರಾಜ ನಲ್ಲಿಯ ಗುಂಡಿಗೆ, ಅಂದರೆ ಅವನು ನಲ್ಲಿಯೆಂದು ನಂಬಿದ್ದ ಗುಂಡಿಗೆ, ಕೈ ಹಚ್ಚಿದ. ಬಿಸಿಗೆ ಒಣಗಿದ್ದ ವಿಭೂತಿಯ ಹಕ್ಕಳೆಯೊಂದು ಕಳಚಿ ಅವನ ಚಪ್ಪಲಿಯ ಮೇಲೆ ಬಿತ್ತು. ಅದರ ಹಿಂದಿನಿಂದ ರೇಡಿಯೇಟರಿನ ಚಿತ್ರ ಇಣುಕಿತು. ಅವನು ಶಿವಶಿವಾ ಎಂದು ಇನ್ನೊಂದು ಕಡೆಯದನ್ನು ಹೆಬ್ಬೆರಳಿನಿಂದ ಉಜ್ಜಿದ. ನಲ್ಲಿ, ಬಾಯಿಂದ ಒಂದು ಹನಿ ಬೀಳುತ್ತಿರುವ ನಲ್ಲಿ.

ಹಿಂದೆ ಚನ್ನಬಸಪ್ಪನವರು ನಿಂತಿದ್ದರು.

"ಮಾವಾರ," ಎಂದ ಲಿಂಗರಾಜ, "ನಾ ಎಲ್ಲಾ ಉಲ್ಟಾ ತಿರುವೀನ್ರಿ. ಊಟದ ಕೈ ಯಾವುದು ಅಂತ ತಪ್ಪಿತ್ರಿ."

ಚನ್ನಬಸಪ್ಪನವರು ಕನ್ನಡಕ ಏರಿಸಿ ಎರಡೂ ಚಿತ್ರಗಳನ್ನು ನೋಡಿದರು. ಅವರ ಮುಖದ ಮೇಲೆ ಮೊದಲು ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ವಾಟ್ಸ್ಯಾಪ್ ಗುಂಪು ನೆನಪಾಯಿತು, ಚಿತ್ರ ಬರೆದದ್ದು ನೆನಪಾಯಿತು, ಕೈ ಮುಗಿದ ಇಪ್ಪತ್ತು ಜನ ನೆನಪಾದರು, ಈಗಷ್ಟೇ ಜುಣುಕದ ತಟ್ಟೆ ಸರಿಸಿ ಮಾಡಿದ ಪಾಠ ನೆನಪಾಯಿತು. ಹಾಲ್‌ನಿಂದ ಅಜಿತನ ದನಿ ಫೋನಿನಲ್ಲಿ ಕೊನೆಯ ಮಾತಿಗೆ ಬಂದದ್ದು ಕೇಳಿಸಿತು.

"ಯಾರ ಮುಂದ ಹೇಳೀರಿ?"

"ಯಾರ ಮುಂದೂ ಇಲ್ರಿ."

ಚನ್ನಬಸಪ್ಪನವರು ಮುಂದೆ ಬಂದು ತಾವೇ ಎರಡೂ ಗುಂಡಿಗಳನ್ನು ತಿರುಗಿಸಿದರು, ನಲ್ಲಿಯದನ್ನು ಮೇಲಕ್ಕೆ, ರೇಡಿಯೇಟರಿನದನ್ನು ನಡುವಿಗಿಂತ ಕೆಳಗೆ. ಆಮೇಲೆ ಪೆಟ್ಟಿಗೆಯ ತಲೆಯ ಮೇಲಿದ್ದ ವಿಭೂತಿ ಗಟ್ಟಿ ತೆಗೆದು, ಬೆರಳಿಗೆ ಉಗುಳು ಹಚ್ಚಲು ಹೋದವರು ಪೂಜೆಯದೆಂದು ನೆನಪಾಗಿ ತಡೆದು, ಗ್ಯಾರೇಜಿನ ಮೂಲೆಯ ನಲ್ಲಿಯಲ್ಲಿ ಬೆರಳು ಒದ್ದೆ ಮಾಡಿಕೊಂಡರು. ಮೂರು ಗೆರೆ ಮತ್ತೆ ಎಳೆದು ಎರಡೂ ಚಿತ್ರಗಳನ್ನು ಮುಚ್ಚಿದರು. ಲಿಂಗರಾಜನ ಬಲಗೈ ಹಿಡಿದು, ಬೆರಳಿನಲ್ಲಿ ಉಳಿದ ವಿಭೂತಿಯಿಂದ ಮಣಿಕಟ್ಟಿನ ಮೇಲೆ ಮೂರು ಗೆರೆ ಎಳೆದರು.

"ಇದು ಊಟದ ಕೈ," ಎಂದರು. "ದಿನಾ ಹಚ್ಚಿಕೊಳ್ರಿ. ಯಾರೂ ಯಾಕ ಅಂತ ಕೇಳೂದಿಲ್ಲ."

ಮದುವೆಯ ಮಂಟಪದಲ್ಲಿ ಧಾರೆಯ ಹೊತ್ತಿಗೆ ಒಮ್ಮೆ ಬಿಟ್ಟರೆ ಆ ಕೈ ಇನ್ಯಾವತ್ತೂ ತನ್ನ ಕೈ ಹಿಡಿದಿರಲಿಲ್ಲ ಎಂದು ಲಿಂಗರಾಜನಿಗೆ ಹೊಳೆಯಿತು. ಅಷ್ಟರಲ್ಲಿ ಅಜಿತ್ ಬಂದ. ಮೂರು ಗೆರೆಗಳನ್ನು ನೋಡಿ, ಯಾವ ಗುಂಡಿ ಯಾವುದರದ್ದು ಎಂದು ಕೇಳಿದ. ಅದೆಲ್ಲ ಹಿರಿಯ ಅಳಿಯಂದಿರಿಗೆ ಗೊತ್ತು ಎಂದು ಚನ್ನಬಸಪ್ಪನವರು ಹೇಳಿ, ಈಗಷ್ಟೇ ಯಂತ್ರ ಪೂರ್ತಿ ಹೊಂದಿಕೊಂಡಿದೆ, ನೀರೂ ಬಿಸಿಯಾಗಿದೆ, ಬೇಕಾದರೆ ಹೋಗಿ ನೋಡಿ ಎಂದರು. ಅಜಿತ್ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಕನ್ನಡಿಯ ತುಂಬ ಉಗಿ ಕೂತಿತು. ಅವನು ಎರಡನೇ ಸಲ ಕೈ ಸರಕ್ಕನೆ ಎಳೆದುಕೊಂಡ, ಈ ಸಲ ಬೇರೆ ಕಾರಣಕ್ಕೆ. ಹೊರಗೆ ಜಯಮ್ಮನವರು ಏನೂ ಕೇಳದೆ ಸೂಟ್‌ಕೇಸುಗಳನ್ನು ಒಳಗೆ ಎಳೆದುಕೊಂಡರು. ಸುಶೀಲಾ ಕಟ್ಟಿದ್ದ ರೊಟ್ಟಿಯನ್ನು ತಂಗಿಯ ಕೈಗಿಟ್ಟು, ಸ್ವಲ್ಪ ಹೆಚ್ಚಿಗೆ ಎಣ್ಣೆಗಾಯಿಯನ್ನೂ ಹಾಕಿಕೊಟ್ಟಳು.

ರೇಡಿಯೇಟರುಗಳು ವಿಜ್ಞಾನ ಹೇಳಿದಷ್ಟೇ ಬಿಸಿಗೆ ಬಂದವು. ಮನೆ ಬೆಚ್ಚಗಿತ್ತು, ಆದರೆ ರಾಯಚೂರು ಹೋಗಿ ಹಾಸನವಾಗಿತ್ತು. ಚನ್ನಬಸಪ್ಪನವರು ಮೊದಲು ಸ್ವೆಟರು ಹಾಕಿಕೊಂಡರು, ಮರುದಿನ ಕೋಟು, ಅದರ ಮರುದಿನ ಟೊಪ್ಪಿಗೆ. ಗ್ರೇಮ್ ಬೇಲಿಯಾಚೆಯಿಂದ ನೋಡಿ, ಏನಾಯಿತು ಎಂದು ಸನ್ನೆಯಲ್ಲಿ ಕೇಳಿದರೆ, ಹೊರಗೆ ಹೋಗುವುದಿದೆ ಎಂದು ಸನ್ನೆಯಲ್ಲೇ ಹೇಳಿ ಇಡೀ ದಿನ ಕಿಟಕಿಯ ಬಳಿಯೇ ಕೂತರು. ಗುಂಡಿಯನ್ನು ಒಂದಿಷ್ಟು ಏರಿಸಲೇ ಎಂದು ಲಿಂಗರಾಜ ಕಿವಿಯಲ್ಲಿ ಕೇಳಿದ. ಲೆಕ್ಕಕ್ಕೆ ಸರಿಯಾಗಿರುವುದನ್ನು ಮುಟ್ಟಬೇಡಿ ಎಂದರು.

ಶ್ರಾವಣದ ಮೊದಲ ಸೋಮವಾರ ಸುಡುವ ನೀರಿಗೆ ತಣ್ಣೀರು ಬೆರೆಸಿಕೊಂಡು ಸ್ನಾನ, ಪೂಜೆ, ಊಟ ಎಲ್ಲ ಮುಗಿಸಿ ಅವರು ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಿದ್ದರು. ಮಗ್ಗುಲಲ್ಲಿ ಜಯಮ್ಮನವರು ಶಾಲು ಹೊದ್ದುಕೊಂಡು, ಯಾಕೋ ಹಿಂದಿನಷ್ಟು ಬೆಚ್ಚಗಿಲ್ಲ, ನಾಲ್ಕು ದಿನ ಟೌರಂಗಾಕ್ಕೆ ಹೋಗಿ ಬರೋಣವೇ ಎಂದರು. ತಟ್ಟೆ ಒಯ್ಯುತ್ತಿದ್ದ ಸುಶೀಲಾ ನಿಂತಳು. ಲಿಂಗರಾಜ ತನ್ನ ಮಣಿಕಟ್ಟು ನೋಡಿಕೊಂಡ.

"ಇಷ್ಟು ಸೆಕಿ ಬಿಟ್ಟು ಎಲ್ಲಿಗೆ ಹೋಗೂದು?" ಎಂದು ಚನ್ನಬಸಪ್ಪನವರು ಟೊಪ್ಪಿಗೆಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡರು.